ನೀರಿನಡಿ ಜೆಲ್ಲಿ ಮೀನು, ಹವಳ, ಅನಿಮೋನ್: ಒಳ್ಳೆಯ ವಿಡಿಯೊ ತೆಗೆಯುವ ಬಗೆ

ಮೀನುಗಳ ವಿಡಿಯೊ ತೆಗೆಯುವವರ ಗೋಳು ಒಂದೇ, ಮೀನು ನಿಲ್ಲುವುದಿಲ್ಲ. ಹವಳಕ್ಕೆ ಆ ಚಾಳಿ ಇಲ್ಲ, ಇದ್ದಲ್ಲೇ ಇರುತ್ತದೆ. ಬಂಡೆಗೆ ಅಂಟಿಕೊಂಡು ಹೂವಿನಂತೆ ಎಳೆ ಚಾಚುವ ಅನಿಮೋನ್ ತೆವಳಬಲ್ಲದು, ಆದರೆ ಕಣ್ಣಿಗೆ ಗೊತ್ತಾಗದಷ್ಟು ನಿಧಾನ. ಜೆಲ್ಲಿ ಮೀನು ಹೆಚ್ಚಾಗಿ ಹರಿವು ಎಳೆದತ್ತ ಹೋಗುತ್ತದೆ. ಇಷ್ಟು ಸುಲಭವಾಗಿ ಸಿಗುವ ಪ್ರಾಣಿಗಳಾದರೂ ಇವುಗಳ ವಿಡಿಯೊ ಎಷ್ಟೋ ಸಲ ಮಂಕು ನೀಲಿಯಾಗಿ, ಅಲುಗಾಡುತ್ತಾ, ಮೂರೇ ಸೆಕೆಂಡಿಗೆ ಮುಗಿದುಹೋಗಿರುತ್ತದೆ. ಕಾರಣ ಎರಡು. ಕ್ಯಾಮೆರಾಕ್ಕೂ ಪ್ರಾಣಿಗೂ ನಡುವೆ ನೀರು ಜಾಸ್ತಿ, ತೆಗೆಯುವವರಿಗೆ ತಾಳ್ಮೆ ಕಡಿಮೆ. ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಎರಡನ್ನು ಸರಿಮಾಡುವ ದಾರಿಗಳೇ.

ಈ ಮೂರೂ ಒಂದೇ ಬಳಗದವು. ನಿಡೇರಿಯಾ ಎಂಬ ಗುಂಪು. ಎಲ್ಲಕ್ಕೂ ಕುಟುಕು ಕಣಗಳಿವೆ. ಒಂದೊಂದು ಕಣದೊಳಗೂ ಸುರುಳಿ ಸುತ್ತಿದ ಸಣ್ಣ ಕೊಳವೆ ಇರುತ್ತದೆ, ಏನಾದರೂ ತಾಗಿದರೆ ಚಿಮ್ಮುತ್ತದೆ. ಇದೇ ಗುಂಪಿನ ಹೈಡ್ರಾದಲ್ಲಿ ಅಳೆದು ನೋಡಿದಾಗ ಚುಚ್ಚುವ ಹಂತಕ್ಕೆ ಸುಮಾರು 700 ನ್ಯಾನೊಸೆಕೆಂಡ್ ಸಾಕಾಗಿತ್ತು. ನಮ್ಮ ಕ್ಯಾಮೆರಾಕ್ಕೆ ಅದು ಸಿಗುವ ಮಾತೇ ಇಲ್ಲ. ನಮಗೆ ಸಿಗುವುದು ಉಳಿದದ್ದು: ಜೆಲ್ಲಿ ಮೀನಿನ ಕೊಡೆಯಾಕಾರದ ಮೈಯ ಮಿಡಿತ, ಹವಳದ ಸಣ್ಣ ಜೀವಿಗಳಾದ ಪಾಲಿಪ್‌ಗಳು ಅರಳುವುದು, ಅನಿಮೋನ್ ಎಳೆಗಳ ತೂಗಾಟ. ಸಿಗುವಷ್ಟೇ ಬೇಕಾದಷ್ಟಿದೆ.

ಹಂತ 1: ಕ್ಯಾಮೆರಾಕ್ಕಿಂತ ಮೊದಲು ಮೈ ಹತೋಟಿಗೆ ಬರಲಿ

ನೀರಿನಲ್ಲಿ ಒಂದೇ ಮಟ್ಟದಲ್ಲಿ ತೇಲಿ ನಿಲ್ಲಲು ಬರದಿದ್ದರೆ ಕ್ಯಾಮೆರಾ ದಡದಲ್ಲೇ ಇರಲಿ. ಇದನ್ನು ಕಟುವಾಗಿಯೇ ಹೇಳುತ್ತೇನೆ. ದುಂಡನೆ ಬೆಳೆಯುವ ಎಷ್ಟೋ ಜಾತಿಯ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಕಾಲಿಗೆ ಹಾಕುವ ಈಜುರೆಕ್ಕೆ (ಫಿನ್ಸ್) ಒಂದು ಸಲ ತಾಗಿದರೆ ವರ್ಷಗಳ ಬೆಳವಣಿಗೆ ಮುರಿದು ಬೀಳುತ್ತದೆ.

ಅಭ್ಯಾಸ ಹೀಗೆ ಮಾಡಿ. ಈಜುಕೊಳದಲ್ಲೋ ಬರೀ ಮರಳಿರುವ ಜಾಗದಲ್ಲೋ ನೆಲದಿಂದ ಅರ್ಧ ಮೀಟರ್ ಮೇಲೆ ಮಲಗಿದ ಭಂಗಿಯಲ್ಲಿ ನಿಲ್ಲಿ. ಕೈ ಬೀಸಬಾರದು. ಕ್ಯಾಮೆರಾದಷ್ಟೇ ತೂಕದ ಏನನ್ನಾದರೂ ಮುಂದೆ ಹಿಡಿದುಕೊಳ್ಳಿ. ಕಾಲನ್ನು ಮೇಲೆ ಕೆಳಗೆ ಬಡಿಯುವ ಬದಲು ಕಪ್ಪೆಯಂತೆ ಪಕ್ಕಕ್ಕೆ ಒದೆಯಿರಿ, ಆಗ ಮರಳು ಏಳುವುದಿಲ್ಲ. ಹಿಂದಕ್ಕೆ ಸರಿಯುವ ಒದೆತವನ್ನೂ ಕಲಿಯಿರಿ. ಹವಳದ ಹತ್ತಿರ ಹೋಗುವುದು ಎಲ್ಲರಿಗೂ ಬರುತ್ತದೆ, ತಾಗದೆ ಹೊರಬರುವುದೇ ಕಷ್ಟ.

ಶಾಟ್ ಅಲುಗಾಡಬಾರದು ಅಂತ ಉಸಿರು ಬಿಗಿಹಿಡಿಯುವುದು ಕ್ಯಾಮೆರಾದವರ ಕೆಟ್ಟ ಚಟ. ಟ್ಯಾಂಕ್ ಹಾಕಿಕೊಂಡು ಡೈವ್ ಮಾಡುವಾಗ ಅದು ಜೀವಕ್ಕೇ ಅಪಾಯ. ಮೇಲೇರಿದಂತೆ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. ಉಸಿರು ಹಿಡಿದುಕೊಂಡು ಒಂದೆರಡು ಮೀಟರ್ ಮೇಲೆದ್ದರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ನಿಧಾನಕ್ಕೆ ಉಸಿರಾಡುತ್ತಲೇ ಇರಿ, ನಿಲ್ಲಿಸಬೇಡಿ. ಅಲುಗಾಟ ತಡೆಯಲು ಬೇರೆ ಉಪಾಯಗಳಿವೆ.

ಹಂತ 2: ಸಲಕರಣೆ

ಇದರ ಮೇಲೆ ಜನ ಸಿಕ್ಕಾಪಟ್ಟೆ ತಲೆಕೆಡಿಸಿಕೊಳ್ಳುತ್ತಾರೆ. ಅಷ್ಟು ಬೇಕಿಲ್ಲ. ಶುರುವಿಗೆ ಆ್ಯಕ್ಷನ್ ಕ್ಯಾಮೆರಾ ಸಾಕು. ಅದರ ಲೆನ್ಸ್ ಅಗಲವಾದದ್ದು, ಹವಳದ ದಿಬ್ಬಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಇಂಥ ಹಲವು ಕ್ಯಾಮೆರಾಗಳ ಫೋಕಸ್ ಬದಲಾಗುವುದಿಲ್ಲ. ಸುಮಾರು 30 ಸೆಂಟಿಮೀಟರ್‌ಗಿಂತ ಹತ್ತಿರ ಹೋದರೆ ಚಿತ್ರ ಮಸುಕಾಗುತ್ತದೆ. ಪಾಲಿಪ್‌ನಂಥ ಸಣ್ಣದನ್ನು ತೆಗೆಯಬೇಕೆಂದರೆ ಮುಂದೆ ಕ್ಲೋಸ್‌ಅಪ್ ಲೆನ್ಸ್ ಬೇಕು. ಬೇಡವಾದಾಗ ಪಕ್ಕಕ್ಕೆ ಮಡಚುವಂಥದ್ದು ತೆಗೆದುಕೊಂಡರೆ ಒಂದೇ ಡೈವ್‌ನಲ್ಲಿ ಎರಡೂ ಬಗೆ ಆಗುತ್ತದೆ.

ಲೆನ್ಸ್ ಬದಲಿಸುವ ಕ್ಯಾಮೆರಾ ಇದ್ದರೆ ಹೌಸಿಂಗ್‌ನ, ಅಂದರೆ ನೀರು ಹೋಗದ ಪೆಟ್ಟಿಗೆಯ, ಮುಂಭಾಗದ ಗಾಜು ಹೇಗಿದೆ ಅನ್ನುವುದು ಮುಖ್ಯ. ಚಪ್ಪಟೆ ಗಾಜಿನ ಮೂಲಕ ವಸ್ತು ಇರುವುದಕ್ಕಿಂತ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ, ಕಾಲು ಭಾಗ ಹತ್ತಿರವಾಗಿ ಕಾಣುತ್ತದೆ. ನೀರಿನಲ್ಲಿ ಬೆಳಕು ಬಾಗುವ ರೀತಿಯಿಂದ ಹೀಗಾಗುತ್ತದೆ. ಸಣ್ಣದನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊಗೆ ಇದು ಲಾಭ. ಅಗಲದ ದೃಶ್ಯಕ್ಕೆ ಗುಮ್ಮಟದಂಥ ಡೋಮ್ ಗಾಜೇ ಬೇಕು.

ಇಳಿಯುವ ಮುಂಚೆ ಓ-ರಿಂಗ್, ಅಂದರೆ ಹೌಸಿಂಗ್‌ನ ಬಾಯಿ ಬಿಗಿಮಾಡುವ ರಬ್ಬರ್ ಉಂಗುರ ನೋಡಿ. ಒಂದು ಕೂದಲು, ಒಂದು ಮರಳಿನ ಕಾಳು ಸಾಕು, ನೀರು ಒಳಗೆ ನುಗ್ಗಲು. ತಯಾರಕರು ಹೇಳಿದ ಗ್ರೀಸನ್ನೇ ತೆಳ್ಳಗೆ ಸವರಿ. ಜಾಸ್ತಿ ಸವರಿದರೆ ಅದೇ ಧೂಳು ಹಿಡಿಯುತ್ತದೆ. ಹೊಸ ಹೌಸಿಂಗನ್ನು ಮೊದಲ ಸಲ ಖಾಲಿ ಇಳಿಸಿ ನೋಡಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಗಾಜಿನ ಮೇಲೆ ಮಂಜು ಕಟ್ಟುವುದಿಲ್ಲ.

ಹಂತ 3: ಬಣ್ಣ ಎಲ್ಲಿ ಹೋಗುತ್ತದೆ?

ಇಡೀ ಕೆಲಸದ ತಿರುಳು ಇಲ್ಲಿದೆ. ನೀರು ಎಲ್ಲ ಬಣ್ಣವನ್ನೂ ಒಂದೇ ಸಮ ಬಿಡುವುದಿಲ್ಲ. ಮೊದಲು ಕೆಂಪನ್ನು ನುಂಗುತ್ತದೆ. ಐದು ಮೀಟರ್ ಇಳಿಯುವಷ್ಟರಲ್ಲೇ ಕೆಂಪು ಬಹಳಷ್ಟು ಹೋಗಿರುತ್ತದೆ. ಆಮೇಲೆ ಕಿತ್ತಳೆ, ಹಳದಿ. ಕೊನೆಗೆ ಉಳಿಯುವುದು ಹಸಿರು, ನೀಲಿ.

ಬಹಳ ಜನ ಇಲ್ಲೊಂದು ಲೆಕ್ಕ ಮರೆಯುತ್ತಾರೆ. ಆಳ ಮಾತ್ರ ಅಲ್ಲ, ಬೆಳಕು ನೀರಿನೊಳಗೆ ನಡೆದ ಒಟ್ಟು ದಾರಿಯನ್ನು ಕೂಡಿಸಬೇಕು. ಹವಳ 5 ಮೀಟರ್ ಆಳದಲ್ಲಿದೆ, ನೀವು ಅದರಿಂದ 3 ಮೀಟರ್ ದೂರದಲ್ಲಿದ್ದೀರಿ ಅನ್ನಿ. ಬಿಸಿಲು ನೆತ್ತಿಯಿಂದ ಬಿದ್ದರೂ ಲೆನ್ಸ್ ತಲುಪುವ ಹೊತ್ತಿಗೆ 8 ಮೀಟರ್ ನೀರು ದಾಟಿರುತ್ತದೆ. ಅರ್ಧ ಮೀಟರ್‌ಗೆ ಸರಿದರೆ ಐದೂವರೆ. ಲೈಟ್ ಹಾಕಿದರೂ ಇದೇ ಲೆಕ್ಕ. ನಿಮ್ಮ ಲೈಟಿನಿಂದ ಹೊರಟ ಬೆಳಕು ಹವಳಕ್ಕೆ ಹೋಗಿ ವಾಪಸ್ ಬರಬೇಕು. ಎರಡು ಮೀಟರ್ ದೂರದ ಹವಳಕ್ಕೆ ಅದು ನಾಲ್ಕು ಮೀಟರ್ ಪ್ರಯಾಣ. ಅದಕ್ಕೇ ಎಂಥ ದೊಡ್ಡ ಲೈಟ್ ಇದ್ದರೂ ಒಂದು, ಒಂದೂವರೆ ಮೀಟರ್ ಆಚೆ ಬಣ್ಣ ತರಲು ಏದುಸಿರು ಬಿಡುತ್ತದೆ.

ಬಣ್ಣ ವಾಪಸ್ ತರಲು ಮೂರು ದಾರಿಗಳಿವೆ.

ಮೊದಲನೆಯದು ವೈಟ್ ಬ್ಯಾಲೆನ್ಸ್. ತೆಗೆಯುವ ಆಳದಲ್ಲೇ ನಿಂತು ಬಿಳಿ ಸ್ಲೇಟನ್ನೋ ಬೂದು ಕಾರ್ಡನ್ನೋ ತೋರಿಸಿ ಕ್ಯಾಮೆರಾಕ್ಕೆ ‘ಇದೇ ಬಿಳಿ’ ಅಂತ ಹೇಳಿಕೊಡಿ. ಏನೂ ಇಲ್ಲದಿದ್ದರೆ ತಿಳಿ ಮರಳೂ ಆಗುತ್ತದೆ. ಮೂರು ನಾಲ್ಕು ಮೀಟರ್ ಏರಿಳಿದರೆ ಮತ್ತೆ ಮಾಡಬೇಕು. ಬೇಸರದ ಕೆಲಸ, ಆದರೆ ಖರ್ಚಿಲ್ಲ.

ಎರಡನೆಯದು ಕೆಂಪು ಫಿಲ್ಟರ್. ನೀಲಿ ನೀರಿನಲ್ಲಿ ಸುಮಾರು 5ರಿಂದ 20 ಮೀಟರ್‌ವರೆಗೆ ಕೆಲಸ ಮಾಡುತ್ತದೆ. ಹಸಿರು ನೀರಿಗೆ ಮಜೆಂಟಾ ಫಿಲ್ಟರ್ ಬೇಕು. ಫಿಲ್ಟರ್ ಬೆಳಕನ್ನು ತಿನ್ನುತ್ತದೆ ಅನ್ನುವುದು ನೆನಪಿರಲಿ. ಫಿಲ್ಟರ್ ಹಾಕಿಕೊಂಡೇ ಲೈಟ್ ಹಚ್ಚಿದರೆ ಹತ್ತಿರದ್ದೆಲ್ಲ ಕೆಂಪಗಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಮೂರನೆಯದು ವಿಡಿಯೊ ಲೈಟ್. ಕೊಳ್ಳುವಾಗ ಬೆಳಕು ಎಷ್ಟು ಅಂತ ಹೇಳುವ ಲ್ಯೂಮೆನ್ ಒಂದನ್ನೇ ನೋಡಬೇಡಿ. ಬೆಳಕಿನ ಗುಣ ಹೇಳುವ ಸಿಆರ್‌ಐ ಅಂಕಿ 90ಕ್ಕಿಂತ ಮೇಲಿರಲಿ, ಕಿರಣ ಅಗಲವಾಗಿ ಸಮನಾಗಿ ಹರಡಲಿ. ಲೈಟ್ ಹಾಕಿದಾಗ ವೈಟ್ ಬ್ಯಾಲೆನ್ಸನ್ನು ಲೈಟಿನ ಬಣ್ಣಕ್ಕೇ ಇಡಿ, ಸಾಮಾನ್ಯವಾಗಿ 5000ದಿಂದ 5600 ಕೆಲ್ವಿನ್.

ಲೈಟ್ ಇಟ್ಟ ಕೂಡಲೇ ಹೊಸ ಶತ್ರು ಹಾಜರ್. ನೀರಿನಲ್ಲಿ ತೇಲುವ ಕಣಗಳು ಬಿಳಿ ಚುಕ್ಕೆಗಳಾಗಿ ಚಿತ್ರದ ತುಂಬ ಹೊಳೆಯುತ್ತವೆ. ಲೈಟ್ ಲೆನ್ಸ್‌ನ ಪಕ್ಕದಲ್ಲೇ ಇದ್ದರೆ ಇದು ತಪ್ಪಿದ್ದಲ್ಲ. ಎರಡು ತೋಳುಗಳಲ್ಲಿ ಲೈಟುಗಳನ್ನು ಆದಷ್ಟು ದೂರಕ್ಕೆ ಚಾಚಿ, ಮುಖವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ. ಕಿರಣದ ನಡುಭಾಗ ಬೇಡ, ಅಂಚು ಮಾತ್ರ ಪ್ರಾಣಿಗೆ ತಾಗಲಿ. ಆಗ ಲೆನ್ಸಿಗೂ ಪ್ರಾಣಿಗೂ ನಡುವಿನ ಕಣಗಳ ಮೇಲೆ ಬೆಳಕು ಬೀಳುವುದೇ ಕಡಿಮೆ.

ಹಂತ 4: ಇಳಿಯುವ ಮುಂಚಿನ ಸೆಟ್ಟಿಂಗ್

ನೀರಿನಲ್ಲಿ ಗುಂಡಿ ಒತ್ತುತ್ತಾ ಕೂರಲಾಗುವುದಿಲ್ಲ. ಮೇಲೆಯೇ ಮುಗಿಸಿ. 4ಕೆ ಇದ್ದರೆ ಅದನ್ನೇ ಇಡಿ, ಆಮೇಲೆ ಕತ್ತರಿಸಿ ಹತ್ತಿರ ತೋರಿಸಬಹುದು. ಹವಳಕ್ಕೆ ಸೆಕೆಂಡಿಗೆ 25 ಅಥವಾ 30 ಫ್ರೇಮ್, ಜೆಲ್ಲಿ ಮೀನಿಗೆ 50 ಅಥವಾ 60. ಶಟರ್ ಸುಮಾರಾಗಿ ಫ್ರೇಮಿನ ಎರಡರಷ್ಟು: 25ಕ್ಕೆ 1/50, 50ಕ್ಕೆ 1/100. ಮಂಕು ಬಣ್ಣದ ಲಾಗ್ ಪ್ರೊಫೈಲನ್ನು ಎಡಿಟಿಂಗ್‌ನಲ್ಲಿ ಬಣ್ಣ ತಿದ್ದಲು ಬರುವವರು ಮಾತ್ರ ಇಟ್ಟುಕೊಳ್ಳಿ. ಆಟೊ ಫೋಕಸ್ ನಿರಂತರ ಓಡುತ್ತಿದ್ದರೆ ತೇಲುವ ಕಣಗಳನ್ನೆಲ್ಲ ಹುಡುಕಿಕೊಂಡು ಹೋಗುತ್ತದೆ. ಗುಂಡಿ ಒತ್ತಿದಾಗ ಮಾತ್ರ ಫೋಕಸ್ ಹಿಡಿದು ಅಲ್ಲೇ ನಿಲ್ಲುವ ಹಾಗೆ ಮಾಡಿಕೊಳ್ಳಿ.

ಹಂತ 5: ಜೆಲ್ಲಿ ಮೀನು

ಮೈಯ ಬಹುಪಾಲು, ಸುಮಾರು 95 ಶೇಕಡ, ನೀರೇ. ನೀರಿನಲ್ಲಿ ನೀರನ್ನು ಚಿತ್ರಿಸಬೇಕು. ಮುಂದಿನಿಂದ ಬೆಳಕು ಹಾಕಿದರೆ ಅದು ತೂರಿಕೊಂಡು ಹೋಗಿ, ಪ್ರಾಣಿ ಸೋಪಿನ ಗುಳ್ಳೆಯ ಹಾಗೆ ಪೇಲವವಾಗಿ ಕಾಣುತ್ತದೆ. ಬೆಳಕು ಹಿಂದಿನಿಂದಲೋ ಪಕ್ಕದಿಂದಲೋ ಬರಬೇಕು.

ಸುಲಭದ ದಾರಿ ಬಿಸಿಲೇ. ಜೆಲ್ಲಿ ಮೀನಿಗಿಂತ ಸ್ವಲ್ಪ ಕೆಳಗೆ, ಪಕ್ಕಕ್ಕೆ ಸರಿದು ಮೇಲಕ್ಕೆ ನೋಡಿ. ಸೂರ್ಯನನ್ನು ಅದರ ಕೊಡೆಯ ಹಿಂದೆ ಮರೆ ಮಾಡಿ. ಎಕ್ಸ್‌ಪೋಷರ್ ಅನ್ನು ಹೊಳೆಯುವ ಭಾಗಕ್ಕೆ ಹೊಂದಿಸಿ, ಕೈಯಾರೆ ಇಳಿಸಿ. ಆಟೊ ಬಿಟ್ಟರೆ ನೀಲಿ ಹಿನ್ನೆಲೆ ನೋಡಿ ಕ್ಯಾಮೆರಾ ಕೊಡೆಯನ್ನು ಸುಟ್ಟ ಬಿಳಿ ಮಾಡಿಬಿಡುತ್ತದೆ. ನೇರ ಅಡಿಗೆ ಮಾತ್ರ ಹೋಗಬೇಡಿ. ನೀವು ಬಿಡುವ ಗಾಳಿಗುಳ್ಳೆ ಕೊಡೆಯೊಳಗೆ ಸಿಕ್ಕಿಕೊಂಡರೆ ಅದರ ಮೈ ಹರಿಯಬಹುದು. ಪಲಾವ್ ದೇಶದ ಜೆಲ್ಲಿಫಿಶ್ ಲೇಕ್‌ನಲ್ಲಿ ಟ್ಯಾಂಕ್ ಹಾಕಿ ಇಳಿಯಲು ಬಿಡುವುದಿಲ್ಲ. ಗುಳ್ಳೆಗಳಿಂದ ಆಗುವ ಹಾನಿ ಒಂದು ಕಾರಣ. ಆ ಕೆರೆಯ ಆಳದಲ್ಲಿ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಪದರವಿರುವುದು ಇನ್ನೊಂದು. ಅಲ್ಲಿನ ಬಂಗಾರ ಬಣ್ಣದ ಜೆಲ್ಲಿಗಳು ದಿನವಿಡೀ ಬಿಸಿಲನ್ನು ಹಿಂಬಾಲಿಸಿ ಸರಿಯುತ್ತವೆ. ಹೊತ್ತು ನೋಡಿ ಜಾಗ ಹಿಡಿದರೆ ಅವೇ ನಿಮ್ಮತ್ತ ಬರುತ್ತವೆ.

ಫೋಕಸ್ ಹಿಡಿಯಲು ಗಟ್ಟಿ ಗೆರೆ ಬೇಕು. ಮೂನ್ ಜೆಲ್ಲಿಯನ್ನೇ ತೆಗೆದುಕೊಳ್ಳಿ. ಅದರ ಪಾರದರ್ಶಕ ಕೊಡೆಯ ನಡುವೆ ಕುದುರೆ ಲಾಳದ ಆಕಾರದ ನಾಲ್ಕು ಉಂಗುರಗಳು ಎದ್ದು ಕಾಣುತ್ತವೆ. ಅವು ಸಂತಾನದ ಅಂಗಗಳು. ಅಲ್ಲಿ ಫೋಕಸ್ ಹಿಡಿದು ಲಾಕ್ ಮಾಡಿ. ದೂರ ಬದಲಾದರೆ ಗುಂಡಿ ಒತ್ತುವ ಬದಲು ನೀವೇ ಅಷ್ಟು ಹಿಂದೆ ಮುಂದೆ ಸರಿಯಿರಿ.

ಇನ್ನು ಮಿಡಿತ. ಕೊಡೆ ಕುಗ್ಗಿ ನೀರನ್ನು ತಳ್ಳುವುದು ಎಲ್ಲರ ಕಣ್ಣಿಗೆ ಬೀಳುತ್ತದೆ, ಅಲ್ವಾ? ಅಂದ ಇರುವುದು ಆಮೇಲೆ. ಕೊಡೆ ಸಡಿಲವಾಗಿ ಅರಳುವಾಗ ಅಡಿಯಲ್ಲಿ ನೀರಿನ ಇನ್ನೊಂದು ಸುಳಿ ಏಳುತ್ತದೆ. ಮೂನ್ ಜೆಲ್ಲಿಗೆ ಅದರಿಂದ ಮೈ ದಂಡಿಸದೆಯೇ ಇನ್ನಷ್ಟು ತಳ್ಳು ಸಿಗುತ್ತದೆ. ಹಾಗಾಗಿ ಕುಗ್ಗಿದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಬೇಡಿ. ಕನಿಷ್ಠ ನಾಲ್ಕೈದು ಪೂರ್ತಿ ಮಿಡಿತ ಬರಲಿ. ಅಂಚಿನ ಸಣ್ಣ ಎಳೆಗಳು ಹಿಂದಕ್ಕೆ ಬೀಸಿ, ಒಂದು ಗಳಿಗೆ ತಡೆದು, ಮತ್ತೆ ಇಳಿಬೀಳುವುದು ಅರ್ಧ ವೇಗದಲ್ಲಿ ನೋಡಿದಾಗಲೇ ಗೊತ್ತಾಗುತ್ತದೆ. 50 ಫ್ರೇಮ್ ಇಡಿ ಅಂದದ್ದು ಇದಕ್ಕೇ. ಕೊಡೆಯ ಅಡಿಯನ್ನೂ ಒಂದು ಸಲ ಪಕ್ಕದಿಂದ ಇಣುಕಿ ನೋಡಿ. ದೊಡ್ಡ ಜೆಲ್ಲಿಗಳ ಆಸರೆಯಲ್ಲಿ ಮರಿಮೀನುಗಳು ಇರುವುದುಂಟು.

ಕಾಮನಬಿಲ್ಲಿನ ಗೆರೆಗಳು ಓಡುವ ಪಾರದರ್ಶಕ ಪ್ರಾಣಿ ಸಿಕ್ಕರೆ ಅದು ಬಹುಶಃ ಕೋಂಬ್ ಜೆಲ್ಲಿ. ಬೇರೆ ಗುಂಪಿನದು, ಇದೇ ಥರ ಕುಟುಕುವುದಿಲ್ಲ. ಆ ಬಣ್ಣ ಅದರ ಸ್ವಂತ ಬೆಳಕಲ್ಲ. ಸಾಲಾಗಿ ಬಡಿಯುವ ಸೂಕ್ಷ್ಮ ಕೂದಲುಗಳ ಮೇಲೆ ಬಿದ್ದ ಬೆಳಕು ಒಡೆದು ಹಾಗೆ ಕಾಣುತ್ತದೆ. ಲೈಟನ್ನು ಪಕ್ಕದಲ್ಲಿ ಹಿಡಿದು ಕೋನ ಬದಲಿಸುತ್ತಾ ಹೋದರೆ ಒಂದು ಕಡೆ ಬಣ್ಣ ಥಟ್ಟನೆ ಏಳುತ್ತದೆ.

ಕುಟುಕಿನ ವಿಷಯ ತಮಾಷೆಯದಲ್ಲ. ಉತ್ತರ ಆಸ್ಟ್ರೇಲಿಯಾದ ಕಡಲಲ್ಲಿರುವ ಬಾಕ್ಸ್ ಜೆಲ್ಲಿ ಕಿರೋನೆಕ್ಸ್ ಫ್ಲೆಕೆರಿ ಮನುಷ್ಯರ ಪ್ರಾಣ ತೆಗೆಯಬಲ್ಲದು. ಲಯನ್ಸ್ ಮೇನ್ ಜೆಲ್ಲಿಯ ಎಳೆಗಳು 30 ಮೀಟರ್ ದಾಟಬಹುದು. ಕೊಡೆ ಅಲ್ಲೆಲ್ಲೋ ಇರುತ್ತದೆ, ಎಳೆ ನಿಮ್ಮ ಬೆನ್ನ ಹಿಂದೆ. ಮೈ ಪೂರ್ತಿ ಮುಚ್ಚುವ ಸೂಟ್, ಕೈಗವಸು, ತಲೆಗವಸು ಹಾಕಿ. ಜೆಲ್ಲಿಯಿಂದ ಹರಿವು ಹೋಗುವ ದಿಕ್ಕಿನಲ್ಲಿ ನಿಲ್ಲಬೇಡಿ. ಮೇಲೆ ಬಂದ ಮೇಲೆ ಲೈಟಿನ ತೋಳು, ಹಗ್ಗ ಮುಟ್ಟುವ ಮುಂಚೆ ಕಣ್ಣು ಹಾಯಿಸಿ. ತುಂಡಾದ ಎಳೆಗಳೂ, ದಡದಲ್ಲಿ ಸತ್ತು ಬಿದ್ದ ಜೆಲ್ಲಿಯೂ ಕುಟುಕುತ್ತವೆ. ಕುಟುಕಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಬಾಕ್ಸ್ ಜೆಲ್ಲಿಗೆ ವಿನೆಗರ್ ಸುರಿಯುತ್ತಾರೆ, ಆದರೆ ಎಲ್ಲ ಜಾತಿಗೂ ಒಂದೇ ಮದ್ದು ನಡೆಯುವುದಿಲ್ಲ. ಆ ಕಡಲಿನಲ್ಲಿ ಯಾವುದಿದೆ, ಏನು ಮಾಡಬೇಕು ಅಂತ ಇಳಿಯುವ ಮೊದಲೇ ಕೇಳಿಟ್ಟುಕೊಳ್ಳಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಕಡಲಿಗೆ ಇಳಿಯದವರಿಗೆ ಅಕ್ವೇರಿಯಂ ಒಳ್ಳೆಯ ಶಾಲೆ. ಜೆಲ್ಲಿಗಳನ್ನು ಮೂಲೆಗಳಿಲ್ಲದ, ನೀರು ಸದಾ ಸುತ್ತುವ ಕ್ರೈಸೆಲ್ ತೊಟ್ಟಿಯಲ್ಲಿ ಇಡುತ್ತಾರೆ. ಬೆಳಕು ಪಕ್ಕದಿಂದ ಬರುವ ಹಾಗೆ ಅವರೇ ಮಾಡಿರುತ್ತಾರೆ. ಕಪ್ಪು ಬಟ್ಟೆ ಹಾಕಿಕೊಳ್ಳಿ, ಲೆನ್ಸನ್ನು ಗಾಜಿಗೆ ನೇರವಾಗಿ ಒತ್ತಿ ಹಿಡಿಯಿರಿ. ಚಿತ್ರ ಮಿನುಗಿದರೆ ಶಟರನ್ನು 1/50ಕ್ಕೋ 1/60ಕ್ಕೋ ಬದಲಿಸಿ ನೋಡಿ.

ಹಂತ 6: ಹವಳ

ಹಗಲಿನಲ್ಲಿ ಹವಳದ ದಿಬ್ಬವನ್ನು ಅಗಲವಾಗಿ ತೆಗೆಯಿರಿ. ಬಿಸಿಲು ನೆತ್ತಿಯ ಹತ್ತಿರ ಇರುವಾಗ, ಹತ್ತು ಮೀಟರ್ ಒಳಗೆ. ಮೇಲಿನಿಂದ ಕೆಳಕ್ಕೆ ನೋಡಿ ತೆಗೆದರೆ ಕಲ್ಲುರಾಶಿ ಕಾಣುತ್ತದೆ ಅಷ್ಟೇ. ದಿಬ್ಬದ ಪಕ್ಕಕ್ಕೆ ಇಳಿದು ಸ್ವಲ್ಪ ಮೇಲ್ಮುಖವಾಗಿ ಹಿಡಿಯಿರಿ. ಒಂದು ಒಳ್ಳೆಯ ಹವಳವನ್ನು 30 ಸೆಂಟಿಮೀಟರ್ ಹತ್ತಿರಕ್ಕೆ ತಂದುಕೊಂಡರೆ ಅದರ ಬಣ್ಣವೂ ಸಿಗುತ್ತದೆ, ಹಿಂದೆ ನೀಲಿಯೂ ಉಳಿಯುತ್ತದೆ.

ಹವಳ ಪ್ರಾಣಿ ಅಂತ ನಂಬಿಸುವುದು ರಾತ್ರಿ. ಹಲವು ಜಾತಿಗಳ ಪಾಲಿಪ್‌ಗಳು ಕತ್ತಲಾದ ಮೇಲೆಯೇ ಎಳೆ ಚಾಚುತ್ತವೆ. ಮೊದಲು ಮಂದ ಕೆಂಪು ಬೆಳಕಿನಲ್ಲಿ ಫೋಕಸ್ ಹಿಡಿದುಕೊಳ್ಳಿ, ಬಿಳಿ ಲೈಟನ್ನು ನಿಧಾನಕ್ಕೆ ಏರಿಸಿ. ಲೈಟಿಗೆ ಸಣ್ಣ ಹುಳುಗಳಂಥ ಪ್ಲವಕಗಳು ಮುತ್ತಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಎಳೆಗೆ ತಾಗಿತು ಅನ್ನಿ. ಹುಳು ಒಂದೆರಡು ಸಲ ಒದ್ದಾಡುತ್ತದೆ. ತಾಗಿದ ಎಳೆ ಒಳಕ್ಕೆ ಬಾಗುತ್ತದೆ, ಪಕ್ಕದವೂ ಮಡಚಿಕೊಳ್ಳುತ್ತವೆ, ನಡುವಿನ ಬಾಯಿ ಸೀಳಿನಂತೆ ತೆರೆಯುತ್ತದೆ. ಇದು ಸಿಕ್ಕರೆ ಆ ಡೈವ್ ಸಾರ್ಥಕ. ಆದರೆ ಒಂದೇ ಜಾಗದಲ್ಲಿ ಬಹಳ ಹೊತ್ತು ಲೈಟ್ ಸುರಿಯಬೇಡಿ, ಪಾಲಿಪ್‌ಗಳು ಒಳಗೆ ಸೇರಿಬಿಡುತ್ತವೆ.

ಕಾಯುವ ಪುರುಸೊತ್ತಿಲ್ಲದವರು ಕ್ಸೀನಿಯಾ ಎಂಬ ಮೆತ್ತನೆ ಹವಳ ಹುಡುಕಲಿ. ಅದರ ಪಾಲಿಪ್‌ಗಳು ಹಗಲಿನಲ್ಲೇ ಮುಷ್ಟಿ ಬಿಚ್ಚಿ ಮುಚ್ಚುತ್ತಿರುತ್ತವೆ. ಉಳಿದ ಹವಳಗಳ ಚಲನೆ ಕಾಣಬೇಕಾದರೆ ಟೈಮ್‌ಲ್ಯಾಪ್ಸ್ ಬೇಕು. ಹತ್ತು ಸೆಕೆಂಡಿಗೊಂದು ಚಿತ್ರ ಅಂದರೆ ಗಂಟೆಗೆ 360. ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಓಡಿಸಿದರೆ 14 ಸೆಕೆಂಡಿನ ತುಣುಕು. ಟ್ರೈಪಾಡಿನ ಕಾಲು ಮರಳಿನ ಮೇಲೆ ಮಾತ್ರ, ಜೊತೆಗೆ ಸೀಸದ ತೂಕ ಕಟ್ಟಿ. ಬೆಳಕು ಒಂದೇ ಸಮ ಇರಬೇಕು. ಮೋಡ ಸರಿದಾಗಲೆಲ್ಲ ಚಿತ್ರ ಮಿಣಮಿಣ ಅನ್ನುತ್ತದೆ. ಅದಕ್ಕೇ ಇಂಥ ಕೆಲಸಕ್ಕೆ ಅಕ್ವೇರಿಯಂ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಕೆಲವು ಹವಳಗಳು ನೀಲಿ ಬೆಳಕು ಕುಡಿದು ಹಸಿರು, ಕೆಂಪು ಬೆಳಕು ಹೊಮ್ಮಿಸುತ್ತವೆ. ಇದನ್ನು ಹಿಡಿಯಲು ಸುಮಾರು 450 ನ್ಯಾನೊಮೀಟರ್‌ನ ನೀಲಿ ಲೈಟ್, ಲೆನ್ಸಿಗೂ ಮಾಸ್ಕಿಗೂ ಹಳದಿ ಫಿಲ್ಟರ್ ಬೇಕು. ರಾತ್ರಿಯೇ ಆಗಬೇಕು, ತೀರಾ ಹತ್ತಿರ ಹೋಗಬೇಕು. ಹೊಮ್ಮುವ ಬೆಳಕು ಕಡಿಮೆ, ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಐಎಸ್‌ಒ ಅಂಕಿ ಏರಿಸದೆ ಗತಿ ಇಲ್ಲ. ಹೀಗೆ ಹಸಿರು ಬೆಳಕು ಹೊಮ್ಮಿಸುವ ಪ್ರೋಟೀನನ್ನು ಮೊದಲು ಬೇರ್ಪಡಿಸಿದ್ದು ಜೆಲ್ಲಿಯಿಂದಲೇ. ವಿಜ್ಞಾನಿ ಒಸಾಮು ಶಿಮೊಮುರಾ 1962ರಲ್ಲಿ ಎಕ್ವೋರಿಯಾ ವಿಕ್ಟೋರಿಯಾ ಎಂಬ ಜೆಲ್ಲಿಯ ವಿಷಯವಾಗಿ ಇದನ್ನು ವರದಿ ಮಾಡಿದರು. 2008ರ ರಸಾಯನ ವಿಜ್ಞಾನದ ನೊಬೆಲ್ ಅವರಿಗೆ, ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚೆನ್ ಅವರೊಂದಿಗೆ ಬಂತು.

ಹವಳ ಮೊಟ್ಟೆ ಬಿಡುವ ರಾತ್ರಿ ತೆಗೆಯಬೇಕೆಂದರೆ ದಿನ ಗೊತ್ತುಮಾಡಿಕೊಂಡು ಹೋಗಬೇಕು. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅದು ಸಾಮಾನ್ಯವಾಗಿ ಅಕ್ಟೋಬರ್, ನವೆಂಬರ್ ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ. ಪಾಲಿಪ್‌ಗಳ ಬಾಯಲ್ಲಿ ನಸುಗೆಂಪು ಗುಂಡುಗಳು ಬಂದು ಕೂತವೆಂದರೆ ಇನ್ನು ಜಾಸ್ತಿ ಹೊತ್ತಿಲ್ಲ. ಆಗಲೇ ಫ್ರೇಮ್ ಕಟ್ಟಿಕೊಂಡು ರೆಕಾರ್ಡಿಂಗ್ ಶುರು ಮಾಡಿ. ಗುಂಡುಗಳು ಮೇಲಕ್ಕೆ ತೇಲುತ್ತವೆ, ಮೇಲ್ಗಡೆ ಜಾಗ ಬಿಟ್ಟಿರಿ.

ಹಂತ 7: ಅನಿಮೋನ್

ಇಲ್ಲಿ ನೀರಿನ ತೂಗಾಟವೇ ನಿಮ್ಮ ತಾಳ. ಅಲೆ ಎಳೆಗಳನ್ನು ಒಂದು ಕಡೆಗೆ ಬಾಗಿಸುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ವಾಪಸ್ ತರುತ್ತದೆ. ನಿಂತ ಕ್ಷಣದಲ್ಲಿ ರೆಕಾರ್ಡಿಂಗ್ ಶುರು ಮಾಡಿ, ಎರಡು ಪೂರ್ತಿ ಸುತ್ತು ಬರಲಿ. ನೀವೂ ಅದೇ ಅಲೆಗೆ ತೂಗುತ್ತಿರುತ್ತೀರಿ, ಎದುರಿಸಿ ಈಜಬೇಡಿ. ಲೈಟನ್ನು ಪಕ್ಕದಿಂದ ಹಿಡಿದರೆ ಎಳೆಗಳ ತುದಿ ಹೊಳೆಯುತ್ತದೆ.

ಕ್ಲೌನ್ ಮೀನುಗಳಿಗೆ ಮನೆಯಾಗುವ ಅನಿಮೋನ್ ಜಾತಿಗಳು ಸುಮಾರು ಹತ್ತೇ. ಆ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮೀನು ಯಜಮಾನಿ. ಅವಳು ಹೋದರೆ ಅವಳ ಜೋಡಿಯಾಗಿದ್ದ ಗಂಡೇ ಹೆಣ್ಣಾಗುತ್ತದೆ. ನೀವು ಹತ್ತಿರ ಬಂದಾಗ ಈ ಮೀನುಗಳು ಮೊದಲು ಗಾಬರಿಯಿಂದ ಓಡಾಡುತ್ತವೆ. ಆ ಹೊತ್ತಿನಲ್ಲಿ ತೆಗೆದ ಶಾಟ್ ಎಲ್ಲ ಒಂದೇ ಥರ ಇರುತ್ತವೆ. ಒಂದು ಮೀಟರ್ ದೂರದಲ್ಲಿ ಸುಮ್ನೆ ಇರಿ. ನೀವು ಉಪದ್ರವ ಕೊಡುವುದಿಲ್ಲ ಅಂತ ಗೊತ್ತಾದ ಮೇಲೆ ಅವುಗಳ ನಿತ್ಯದ ಕೆಲಸ ಶುರುವಾಗುತ್ತದೆ. ಆಮೇಲೆ ಇಂಚಿಂಚೇ ಹತ್ತಿರ ಸರಿಯಿರಿ.

ಅನಿಮೋನ್‌ನ ಬುಡದ ಬಂಡೆ ನೋಡಲು ಮರೆಯಬೇಡಿ. ಕ್ಲೌನ್ ಮೀನು ಮೊಟ್ಟೆ ಇಡುವುದು ಅಲ್ಲೇ. ಹೊಸದಾಗಿದ್ದಾಗ ಕಿತ್ತಳೆ ಬಣ್ಣ, ದಿನ ಕಳೆದಂತೆ ಒಳಗೆ ಬೆಳ್ಳಿಯಂಥ ಕಣ್ಣುಗಳು ಕಾಣುತ್ತವೆ. ಹೆಚ್ಚಾಗಿ ಗಂಡು ಮೀನೇ ರೆಕ್ಕೆ ಬೀಸಿ ನೀರಾಡಿಸುತ್ತಾ, ಬಾಯಿಂದ ಶುಚಿ ಮಾಡುತ್ತಾ ಕಾವಲಿರುತ್ತದೆ. ಆಗ ಅವು ಲೆನ್ಸಿಗೇ ಬಂದು ಗುದ್ದುವುದುಂಟು. ಎಳೆಗಳ ನಡುವೆ ಗಾಜಿನಂಥ ಸೀಗಡಿಗಳೂ, ಪೋರ್ಸಿಲಿನ್ ಏಡಿಗಳೂ ಸಿಗಬಹುದು. ಇವಕ್ಕೆ ಮ್ಯಾಕ್ರೊ ಲೆನ್ಸ್ ಹಾಕಿ ಲೆನ್ಸಿನ ಕಿಂಡಿಯ ಅಂಕಿಯನ್ನು ಎಫ್ 8ರಿಂದ 11 ಇಡಿ, ಇಲ್ಲದಿದ್ದರೆ ಕಣ್ಣು ಸ್ಪಷ್ಟವಾಗಿ ಮೀಸೆ ಮಸುಕಾಗುತ್ತದೆ. ಅನಿಮೋನ್ ಮುದುಡುವುದನ್ನು ತೆಗೆಯಲು ಅದನ್ನು ಚುಚ್ಚಬೇಡಿ. ಕೆಲವು ತಾವಾಗಿಯೇ ಚೆಂಡಿನಂತೆ ಮುಚ್ಚಿಕೊಳ್ಳುತ್ತವೆ, ಅಡಿಯ ಗಾಢ ಬಣ್ಣ ಆಗ ಕಾಣುತ್ತದೆ.

ಹಂತ 8: ಮೇಲೆ ಬಂದ ಮೇಲೆ

ಹೌಸಿಂಗನ್ನು ತೆರೆಯುವ ಮುಂಚೆ ಸಿಹಿನೀರಿನಲ್ಲಿ ಮುಳುಗಿಸಿಡಿ, ಎಲ್ಲ ಗುಂಡಿಗಳನ್ನೂ ಒತ್ತಿ ಬಿಡಿ. ಉಪ್ಪು ಒಣಗಲು ಬಿಡಬಾರದು.

ಎಡಿಟಿಂಗ್‌ನಲ್ಲಿ ಕೆಂಪು ಏರಿಸಬಹುದು, ಆದರೆ ರೆಕಾರ್ಡ್ ಆಗದ ಕೆಂಪನ್ನು ಯಾವ ಸಾಫ್ಟ್‌ವೇರೂ ಕೊಡುವುದಿಲ್ಲ, ಬರೀ ನಾಯ್ಸ್ ಎದ್ದು ಕಾಣುತ್ತದೆ. ಜೆಲ್ಲಿಯ ಶಾಟನ್ನು ಮಿಡಿತದ ನಡುವೆ ಕತ್ತರಿಸಬೇಡಿ. ಕೊಡೆ ಅರಳಿದ ಮೇಲೆ ಕತ್ತರಿಸಿ. ಹಿನ್ನೆಲೆಗೆ ಸಂಗೀತ ಹಾಕಲೇಬೇಕೆಂದಿಲ್ಲ. ಹವಳದ ದಿಬ್ಬದ ಸುತ್ತ ಸದಾ ಚಟಪಟ ಸದ್ದಿರುತ್ತದೆ, ಹೆಚ್ಚಿನದು ಚಿಟಿಕೆ ಹೊಡೆಯುವ ಸೀಗಡಿಗಳದ್ದು. ನಿಮ್ಮ ಉಸಿರಿನ ಗುಳುಗುಳು ಇಲ್ಲದ ತುಣುಕು ಸಿಕ್ಕರೆ ಅದನ್ನೇ ಅಡಿಯಲ್ಲಿ ಓಡಿಸಿ.

ಪ್ರತಿ ಕ್ಲಿಪ್‌ನ ಹೆಸರಿನಲ್ಲಿ ದಿನಾಂಕ, ಜಾಗ, ಆಳ ಬರೆದಿಡಿ. ಪ್ರಾಣಿಯ ಜಾತಿ ಖಚಿತವಿಲ್ಲದಿದ್ದರೆ ‘ಮೆತ್ತನೆ ಹವಳ’ ಅಂತ ಬರೆದರೂ ಸಾಕು. ತಪ್ಪು ಜಾತಿ ಹೆಸರು ಹಾಕಿದ ವಿಡಿಯೊವನ್ನು ಆಮೇಲೆ ಹುಡುಕುವವರಿಗೆ ಅದರಿಂದ ತೊಂದರೆಯೇ ಜಾಸ್ತಿ.